ಮಂಗಳ ಗ್ರಹದ ಹಕ್ಕೂ ಕಂಪನಿಗೇ ಅಂತೆ!

ಬಸ್ಸು ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆ ತಾನೆ? ಹಾಗಾದರೆ ಒಂದು ಪ್ರಶ್ನೆಗೆ ಉತ್ತರ ಹೇಳಿ. ಜಗತ್ತಿನಲ್ಲೇ ಅತಿ ದೊಡ್ಡ ಸೈನ್ಸ್ ಫಿಕ್ಷನ್ ಬರಹಗಾರ ಯಾರು? ಎಚ್.ಜಿ. ವೆಲ್ಸ್ ಅಂತೀರಾ? ಜೂಲ್ಸ್ ವರ್ನ್? ಆರ್ಥರ್ ಕ್ಲಾರ್ಕ್? ಮೂರೂ ತಪ್ಪು! ಆ ಕಿರೀಟ ಸಲ್ಲಬೇಕಾದ್ದು ಹಾಲಿವುಡ್ಡಿನ ದೊಡ್ಡ ಕಂಪನಿಗಳ ವಕೀಲರಿಗೆ!

ನಗಬೇಡಿ. ಅಲ್ಲಿ ಕಥೆಗಾರನೋ ನಟನೋ ಸಹಿ ಹಾಕುವ ಕರಾರುಪತ್ರದಲ್ಲಿ ಎಷ್ಟೋ ಸಲ ಒಂದು ಸಾಲು ಇರುತ್ತೆ. ಈ ಕೃತಿಯ ಹಕ್ಕು ಇಡೀ ಬ್ರಹ್ಮಾಂಡದಲ್ಲಿ, ಈಗ ಇರುವ ಮತ್ತು ಇನ್ನು ಮುಂದೆ ಯಾರಾದರೂ ಕಂಡುಹಿಡಿಯುವ ಎಲ್ಲ ಮಾಧ್ಯಮಗಳಲ್ಲೂ ಕಂಪನಿಗೇ ಸೇರಿದ್ದು ಅಂತ. ಭೂಮಂಡಲ ಸಾಲದು ಸ್ವಾಮಿ, ಬ್ರಹ್ಮಾಂಡ! ನಾಳೆ ಮಂಗಳ ಗ್ರಹದಲ್ಲಿ ಯಾರೋ ಟೆಂಟ್ ಸಿನಿಮಾ ಶುರು ಮಾಡಿದರು ಅಂತಿಟ್ಟುಕೊಳ್ಳಿ. ಅಲ್ಲಿ ನೆಲದ ಟಿಕೆಟ್ಟಿನ ಕಾಸೂ ಇವರಿಗೇ. ವೆಲ್ಸ್ ಸಾಹೇಬರು ಮಂಗಳದವರನ್ನ ಭೂಮಿಗೆ ಕರೆತಂದರು ಅಷ್ಟೆ. ಈ ವಕೀಲರು ಮಂಗಳದವರ ಜೇಬಿಗೇ ಕೈ ಹಾಕಿದರು!

ನಾನು ಹೊಸದುರ್ಗದ ಕಡೆಯವನು. ಚಿತ್ರದುರ್ಗದಲ್ಲಿ ಮೊಬೈಲು, ಕಂಪ್ಯೂಟರು ರಿಪೇರಿ ಅಂಗಡಿ ಇಟ್ಟಿದ್ದೇನೆ. ಸ್ನೇಹಿತರು ಪ್ರೀತಿಯಿಂದ 'ರಾಕೆಟ್' ಅಂತಾರೆ, ಮನೆಯವರು ಬೇಜಾರಿನಿಂದ. ಸಿನಿಮಾ ಹುಚ್ಚು ಒಂದು ಕಡೆ, ಸೈನ್ಸ್ ಹುಚ್ಚು ಒಂದು ಕಡೆ. ಎರಡೂ ಸೇರಿದ ಮೇಲೆ ಸುಮ್ಮನೆ ಕೂರೋಕಾಗುತ್ತಾ? ಹೊಸದುರ್ಗದ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನ ಸಂಜೆ ಹೊತ್ತು ಬಸ್ಸಿನ ಕಿಟಕಿಯಿಂದ ನೋಡಿದರೆ, ವೆಲ್ಸ್ 1898ರಲ್ಲಿ ಬರೆದ ಮೂರು ಕಾಲಿನ ಮಂಗಳ ಯಂತ್ರಗಳೇ ತಲೆಕೆಳಗಾಗಿ ನಿಂತ ಹಾಗೆ ಕಾಣುತ್ತೆ ನನಗೆ. ಪಕ್ಕದ ಸೀಟಿನ ಯಜಮಾನರಿಗೆ ಹೇಳಿದೆ. "ಕರೆಂಟ್ ತಯಾರು ಮಾಡ್ತವಂತೆ ಕಣಪ್ಪ, ಕಾಲ್ಗೀಲು ಏನೂ ಇಲ್ಲ" ಅಂದರು.

ಇಂಥ ಹುಚ್ಚನೊಬ್ಬ ಕಾಪಿರೈಟ್ ಬಗ್ಗೆ ಯಾಕೆ ಬರೀಬೇಕು? ಕಾರಣ ಇದೆ. ಈ ವಾರಪತ್ರಿಕೆ ಓದುವ ಹುಡುಗರಲ್ಲಿ ಹತ್ತಕ್ಕೆ ಇಬ್ಬರ ಬ್ಯಾಗಿನಲ್ಲಾದರೂ ಒಂದು ನೋಟುಪುಸ್ತಕ ಇರುತ್ತೆ. ಅದರಲ್ಲಿ ಒಂದು ಸಿನಿಮಾ ಕಥೆ ಇರುತ್ತೆ. ಇವತ್ತಿನ ಮಾತು ಅವರಿಗೆ.

* ಪುಷ್ಪಕ ಇಳಿದದ್ದು ನಮ್ಮೂರಲ್ಲೇ! *

ಸೈನ್ಸ್ ಫಿಕ್ಷನ್ ಅಂದರೆ ಅಮೆರಿಕದ್ದು ಅಂತ ಯಾರಪ್ಪ ಹೇಳಿದ್ದು? 2024ರ ಮಾರ್ಚ್ 22ರಂದು ನಮ್ಮ ಜಿಲ್ಲೆಯ ಚಳ್ಳಕೆರೆ ಹತ್ತಿರದ ಪರೀಕ್ಷಾ ವಲಯದಲ್ಲಿ ಇಸ್ರೋದವರು 'ಪುಷ್ಪಕ್' ಅನ್ನುವ ರೆಕ್ಕೆಯ ನೌಕೆಯನ್ನ ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿಗೆ ನೇತುಹಾಕಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟರು. ಒಳಗೆ ಪೈಲಟ್ಟೂ ಇಲ್ಲ, ಕ್ಲೀನರ್ರೂ ಇಲ್ಲ. ತಾನೇ ದಾರಿ ಸರಿಮಾಡಿಕೊಂಡು ತಾನೇ ರನ್‌ವೇ ಮೇಲೆ ಬಂದು ಇಳಿಯಿತು! ಇಂಥದೇ ಪರೀಕ್ಷೆ 2023ರ ಏಪ್ರಿಲ್ 2ರಂದು ಒಮ್ಮೆ ಆಗಿತ್ತು. 2024ರ ಜೂನ್ 23ರಂದು ಮೂರನೇ ಸಲ ಆಯಿತು.

ಹೆಸರು ಗಮನಿಸಿದಿರಾ? ಪುಷ್ಪಕ್. ರಾಮಾಯಣದ ವಿಮಾನ. ವಾಲ್ಮೀಕಿಗಳಿಂದ ಇಸ್ರೋಗೆ ಲಾಯರ್ ನೋಟಿಸು ಬಂತಾ? ಇಲ್ಲ. 1987ರಲ್ಲಿ ಸಿಂಗೀತಂ ಶ್ರೀನಿವಾಸರಾಯರು ಮಾತೇ ಇಲ್ಲದ 'ಪುಷ್ಪಕ ವಿಮಾನ' ತೆಗೆದಾಗಲೂ ಬರಲಿಲ್ಲ. ಹಳೆಯ ಕಲ್ಪನೆ ಊರ ಮುಂದಿನ ಅರಳಿಕಟ್ಟೆ ಇದ್ದ ಹಾಗೆ. ಯಾರು ಬೇಕಾದರೂ ಕೂರಬಹುದು.

ಇದು ನನ್ನ ಮಾತಲ್ಲ, ಕಾನೂನಿನ ಮಾತು. 1978ರಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಆರ್.ಜಿ. ಆನಂದ್ ಅನ್ನುವ ನಾಟಕಕಾರರು, ತಮ್ಮ 'ಹಮ್ ಹಿಂದೂಸ್ತಾನಿ' ನಾಟಕವನ್ನೇ ಕದ್ದು 1956ರ 'ನ್ಯೂ ಡೆಲ್ಲಿ' ಚಿತ್ರ ಮಾಡಿದ್ದಾರೆ ಅಂತ ದಾವೆ ಹಾಕಿದ್ದರು. ಕೋರ್ಟು ಹೇಳಿದ್ದು ಇಷ್ಟು: ಬರೀ ಐಡಿಯಾಕ್ಕೆ, ವಸ್ತುವಿಗೆ, ಕಥೆಯ ಎಳೆಗೆ ಕಾಪಿರೈಟ್ ಇಲ್ಲ. ಅದನ್ನ ನೀವು ಹೇಗೆ ಬರೆದಿರಿ, ಹೇಗೆ ಕಟ್ಟಿದಿರಿ ಅನ್ನುವುದಕ್ಕೆ ಮಾತ್ರ ಉಂಟು. ಆನಂದ್ ಸೋತರು.

ಅನ್ಯಾಯ ಅನಿಸುತ್ತಾ? ನನಗೂ ಮೊದಲು ಹಾಗೇ ಅನಿಸಿತು. ಆದರೆ ಈ ನಿಯಮ ಇಲ್ಲದಿದ್ದರೆ ನಮ್ಮ ಅಣ್ಣಾವ್ರ ಕೈಗೆ ಪಿಸ್ತೂಲೇ ಬರ್ತಿರಲಿಲ್ಲ!

* ಅವರಿಗೆ 007, ನಮಗೆ 999 *

1962ರಲ್ಲಿ 'ಡಾಕ್ಟರ್ ನೋ' ಬಂತು. ಜೇಮ್ಸ್ ಬಾಂಡ್ ಜಗತ್ತನ್ನೇ ಗೆದ್ದ. 1968ರಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ' ಹೆಣೆದರು. ಅಲ್ಲಿ 007, ಇಲ್ಲಿ ಸಿ.ಐ.ಡಿ. 999. ಬಾಂಡ್ ಬದಲು ಪ್ರಕಾಶ್. ಕಥೆಯಲ್ಲಿ ಯಾವ ಲೋಹವನ್ನಾದರೂ ಚಿನ್ನ ಮಾಡುವ ಸೂತ್ರ! ಇದಕ್ಕಿಂತ ಚಂದದ ಸೈನ್ಸ್ ಫಿಕ್ಷನ್ ಎಳೆ ಬೇಕಾ ಗುರೂ? ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಬಾಂಡ್ ಸೂಟು ಹಾಕಿದ, ಅಣ್ಣಾವ್ರೂ ಸೂಟು ಹಾಕಿದರು. ಆದರೆ ಮಾತು, ನಡೆ, ಹಾಡು, ತಾಯಿ ಕಂಡರೆ ಕರಗುವ ಗುಣ ಎಲ್ಲ ನಮ್ಮದೇ. ಎಳೆ ಎರವಲು, ನೇಯ್ಗೆ ಸ್ವಂತದ್ದು. ಕಾನೂನು ಇದಕ್ಕೆ ಅಡ್ಡ ಬರೋದಿಲ್ಲ, ಬರಬಾರದು.

ಈಗ ಆ ಬಾಂಡ್ ಯಾರ ಕೈಯಲ್ಲಿದ್ದಾನೆ ಗೊತ್ತಾ? ಎಂ.ಜಿ.ಎಂ. ಸ್ಟುಡಿಯೋವನ್ನ 2022ರಲ್ಲಿ ಅಮೆಜಾನ್ ಕಂಪನಿ 845 ಕೋಟಿ ಡಾಲರಿಗೆ ಕೊಂಡಿತು. 2025ರಲ್ಲಿ ಬಾಂಡ್ ಚಿತ್ರಗಳ ಲಗಾಮೂ ಆ ಕಂಪನಿಯ ಕೈಗೇ ಹೋಯಿತು. ಖಳನಾಯಕರಿಂದ ಅಷ್ಟು ಸಲ ತಪ್ಪಿಸಿಕೊಂಡವನು ಕೊನೆಗೆ ಪಾರ್ಸಲ್ ಡಬ್ಬಿಯಲ್ಲಿ ಸಿಕ್ಕಿಬಿದ್ದ!

ಇಲ್ಲಿದೆ ನೋಡಿ ಮಜಾ. ಬಾಂಡನನ್ನ ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ತೀರಿಕೊಂಡದ್ದು 1964ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕ ಸತ್ತ ಮೇಲೆ 60 ವರ್ಷಕ್ಕೆ ಹಕ್ಕು ಮುಗಿಯುತ್ತೆ. ಅಂದರೆ ಫ್ಲೆಮಿಂಗ್ ಬದುಕಿದ್ದಾಗ ಪ್ರಕಟವಾದ ಬಾಂಡ್ ಕಾದಂಬರಿಗಳು 2025ರ ಜನವರಿ 1ರಿಂದ ಭಾರತದಲ್ಲಿ ಸಾರ್ವಜನಿಕ ಸ್ವತ್ತು. ಹಿರಿಯೂರಿನ ಹುಡುಗನೊಬ್ಬ 'ಕ್ಯಾಸಿನೋ ರಾಯಲ್' ಅನ್ನ ಕನ್ನಡಕ್ಕೆ ಇಳಿಸಿ ಇಲ್ಲಿ ಅಚ್ಚು ಹಾಕಿಸಿದರೆ ಕಾಪಿರೈಟ್ ಹೆಸರಲ್ಲಿ ಯಾರೂ ತಡೆಯೋಕಾಗಲ್ಲ. ಆದರೆ ಹುಷಾರು! 007 ಅನ್ನುವ ಗುರುತಿಗೆ ಟ್ರೇಡ್‌ಮಾರ್ಕ್ ಇದೆ, ಸಿನಿಮಾದ ಸಂಗೀತಕ್ಕೆ ಬೇರೆ ಯಜಮಾನರಿದ್ದಾರೆ. ಪುಸ್ತಕ ಮುಟ್ಟಿ, ಪಿಸ್ತೂಲಿನ ಬೋರ್ಡು ಮುಟ್ಟಬೇಡಿ.

ಟ್ರೇಡ್‌ಮಾರ್ಕ್ ಅಂದೆನಲ್ಲ, ಇನ್ನೊಂದು ಕೇಳಿ. 'ರೋಬೋಟ್' ಅನ್ನುವ ಪದ ಹುಟ್ಟಿದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಲ್ಲಿ. ಅದಕ್ಕೆ ಯಾರೂ ಬಾಡಿಗೆ ಕೇಳಲಿಲ್ಲ. ಹಾಗಾಗಿಯೇ 2002ರಲ್ಲಿ ನಮ್ಮ ಉಪೇಂದ್ರ 'ಹಾಲಿವುಡ್' ಚಿತ್ರದಲ್ಲಿ ಆರಾಮಾಗಿ ರೋಬೋ ಆದರು. ಆದರೆ 'ಆಂಡ್ರಾಯ್ಡ್' ಅನ್ನುವ ಪದದ ಬಾಲ 'ಡ್ರಾಯ್ಡ್' ಇದೆಯಲ್ಲ, ಅದು 'ಸ್ಟಾರ್ ವಾರ್ಸ್' ಮಾಡಿದ ಲೂಕಾಸ್‌ಫಿಲ್ಮ್ ಕಂಪನಿಯ ಟ್ರೇಡ್‌ಮಾರ್ಕ್. 2009ರಲ್ಲಿ ಅಮೆರಿಕದಲ್ಲಿ ಆ ಹೆಸರಿನ ಫೋನು ಬಂದಾಗ ಲೂಕಾಸ್‌ಫಿಲ್ಮ್‌ನ ಅಪ್ಪಣೆ ಪಡೆದೇ ಇಟ್ಟರು. ಅಪ್ಪ ಊರಿಗೆಲ್ಲ ಬೇಕಾದವನು, ಮಗ ಮಾತ್ರ ಕಂಪನಿ ಆಳು!

* ಕೋಟೆಯ ಮೇಲಿನ ಹಾವು *

ಸೈನ್ಸ್ ಬಿಟ್ಟು ಸ್ವಲ್ಪ ನಮ್ಮ ಕೋಟೆ ಹತ್ತೋಣ. ಚಿತ್ರದುರ್ಗದಲ್ಲಿ ನಿಂತು ಸಿನಿಮಾ ಮಾತಾಡುವಾಗ 1972ರ 'ನಾಗರಹಾವು' ಬಿಟ್ಟರೆ ಕಲ್ಲುಗಳೂ ಎದ್ದು ಹೊಡೆದಾವು. ಪುಟ್ಟಣ್ಣ ಕಣಗಾಲ್ ನಿರ್ದೇಶನ, ವಿಷ್ಣು ಅವರ ರಾಮಾಚಾರಿ. ಕಥೆ ತ.ರಾ.ಸುಬ್ಬರಾಯರದು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಅನ್ನುವ ಮೂರು ಕಾದಂಬರಿಗಳನ್ನ ಹೊಸೆದು ಮಾಡಿದ ಒಂದು ಚಿತ್ರ. ತಮ್ಮ ನಾಗರಹಾವನ್ನ ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಮುನಿಸಿಕೊಂಡರು ಎಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಓಡಾಡುತ್ತೆ. ಚಿತ್ರವೋ ಅಲ್ಲಿಗೇ ನಿಲ್ಲಲಿಲ್ಲ. 1974ರಲ್ಲಿ ಹಿಂದಿ, ತೆಲುಗು, ತಮಿಳು ಮೂರಕ್ಕೂ ಹೋಯಿತು. 2018ರಲ್ಲಿ ಹೊಸ ಡಿಜಿಟಲ್ ರೂಪದಲ್ಲಿ ಮತ್ತೆ ತೆರೆಗೆ ಬಂದು, ಅಪ್ಪ ಮಗ ಇಬ್ಬರೂ ಒಟ್ಟಿಗೆ ಶಿಳ್ಳೆ ಹೊಡೆದರು.

ಇಲ್ಲೇ ನನ್ನ ಸೈನ್ಸ್ ತಲೆ ಓಡೋದು. 1972ರಲ್ಲಿ ಕಥೆಯ ಹಕ್ಕು ಕೊಡುವವನಿಗೆ ಡಿಜಿಟಲ್ ಅಂದರೆ ಗೊತ್ತಿತ್ತೇ? ಮೊಬೈಲಿನಲ್ಲಿ ಸಿನಿಮಾ ನೋಡಬಹುದು ಅಂತ ಕನಸಾದರೂ ಬಿದ್ದಿತ್ತೇ? ಆ ಕಾಲದ ಕಥೆಗಾರನ ಮಟ್ಟಿಗೆ ಇವೆಲ್ಲ ಸೈನ್ಸ್ ಫಿಕ್ಷನ್ನೇ! ಹುಟ್ಟದ ಯಂತ್ರಕ್ಕೆ ಬೆಲೆ ಕಟ್ಟಿ ಮಾರೋದು ಹೇಗೆ? ಕಂಪನಿ ವಕೀಲರು ಬ್ರಹ್ಮಾಂಡದವರೆಗೆ ಯೋಚಿಸಿದ್ದರು, ಕಥೆಗಾರ ಬಾಡಿಗೆ ದಿನದವರೆಗೆ ಮಾತ್ರ ಯೋಚಿಸಿದ್ದ. ವ್ಯತ್ಯಾಸ ಅಷ್ಟೆ.

ಲೆಕ್ಕಕ್ಕೆ ಬಂದರೆ ನಮ್ಮಲ್ಲಿ ಸಿನಿಮಾದ ಹಕ್ಕಿಗೆ 60 ವರ್ಷ ಆಯಸ್ಸು. 1954ರ 'ಬೇಡರ ಕಣ್ಣಪ್ಪ' ಚಿತ್ರದ ಹಕ್ಕು 2014ರ ಕೊನೆಗೆ ಮುಗಿದಿದೆ. 'ಜೇಡರ ಬಲೆ' 2028ರ ಕೊನೆಗೆ, 'ನಾಗರಹಾವು' 2032ರ ಕೊನೆಗೆ. ಹಾಡಿನ ಸಾಹಿತ್ಯ, ಸಂಗೀತ, ಕಾದಂಬರಿಯ ಲೆಕ್ಕ ಬೇರೆ. ಅವು ಬರೆದವರ ಆಯಸ್ಸಿನ ಮೇಲೆ. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಅವರ ಕಾದಂಬರಿಗಳ ಹಕ್ಕು 2044ರ ಕೊನೆಯವರೆಗೆ. ಮೊದಲು ಈ ಅವಧಿ 50 ವರ್ಷ ಇತ್ತು. ರವೀಂದ್ರನಾಥ ಟ್ಯಾಗೋರರ ಹಕ್ಕು 1991ಕ್ಕೆ ಮುಗಿಯುವ ಹೊತ್ತಿಗೆ ಸರ್ಕಾರ ಇನ್ನೂ 10 ಸೇರಿಸಿತು.

ಅಮೆರಿಕದ ಕಥೆ ಇನ್ನೂ ಚಂದ. 1928ರಲ್ಲಿ ಹುಟ್ಟಿದ ಮಿಕ್ಕಿ ಮೌಸ್‌ಗೆ ಆಗಿನ ಕಾನೂನಿನಲ್ಲಿ ಹೆಚ್ಚೆಂದರೆ 56 ವರ್ಷ. ಅದನ್ನ 1976ರಲ್ಲಿ 75 ಮಾಡಿದರು, 1998ರಲ್ಲಿ 95 ಮಾಡಿದರು. ಕೊನೆಗೆ ಆ ಮೊದಲ ಚಿತ್ರದ ಇಲಿ ಬೋನಿನಿಂದ ಹೊರಬಂದದ್ದು 2024ರ ಜನವರಿ 1ಕ್ಕೆ. ನಮ್ಮ ಹಿರಿಯೂರಿನ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ ಕಾದೆವು. ಅಲ್ಲಿ ಮಳೆ ಬರಲಿಲ್ಲ ಅಂತ ತಡ. ಇಲ್ಲಿ ಮಳೆ ಬಂದರೂ ಅಣೆಕಟ್ಟೆ ಎತ್ತರಿಸುತ್ತಾ ಹೋದರು!

* ರಾತ್ರೋರಾತ್ರಿ ಮಾಯವಾದ ಪುಸ್ತಕ *

ಹಕ್ಕು ಅನ್ನುವುದು ಬರೀ ಕಥೆಗಾರನ ತಲೆನೋವಲ್ಲ. ಓದುವವನಿಗೂ, ನೋಡುವವನಿಗೂ ಬಿಸಿ ತಟ್ಟುತ್ತೆ. 2009ರ ಜುಲೈನಲ್ಲಿ ಅಮೆರಿಕದಲ್ಲಿ ಏನಾಯ್ತು ಕೇಳಿ. ಜನ ಕಾಸು ಕೊಟ್ಟು ಕಿಂಡಲ್ ಅನ್ನುವ ಓದುವ ಯಂತ್ರದಲ್ಲಿ ಒಂದು ಕಾದಂಬರಿ ಕೊಂಡಿದ್ದರು. ಮಾರಿದವನ ಬಳಿ ಹಕ್ಕೇ ಇರಲಿಲ್ಲ ಅಂತ ತಿಳಿದ ಮೇಲೆ ಅಮೆಜಾನ್ ಕಂಪನಿ ದೂರದಿಂದಲೇ ಎಲ್ಲರ ಯಂತ್ರದಿಂದ ಆ ಪುಸ್ತಕ ಅಳಿಸಿಹಾಕಿತು. ದುಡ್ಡು ವಾಪಸ್ ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಆದರೆ ಯೋಚಿಸಿ, ಈ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯವನು ಮಧ್ಯರಾತ್ರಿ ನಿಮ್ಮ ಮನೆಗೆ ನುಗ್ಗಿ ತಲೆದಿಂಬಿನ ಕೆಳಗಿದ್ದ ಪತ್ರಿಕೆ ಎತ್ತಿಕೊಂಡು, ಅಲ್ಲೇ ಕಾಸಿಟ್ಟು ಹೋದರೆ ಹೇಗಿರುತ್ತೆ!

ಆ ಕಾದಂಬರಿ ಯಾವುದು ಅಂದಿರಾ? ಜಾರ್ಜ್ ಆರ್ವೆಲ್ ಬರೆದ '1984'. ಸರ್ಕಾರ ಜನರ ಮನೆಯೊಳಗೇ ಕಣ್ಣಿಟ್ಟು, ಬೇಡದ ಕಾಗದವನ್ನೆಲ್ಲ ಅಳಿಸಿಹಾಕುವ ಕಥೆ! ಇಂಥಾ ತಮಾಷೆ ನಾನು ಕಟ್ಟಿದರೆ ಅತಿಯಾಯ್ತು ಅಂತ ಸಂಪಾದಕರು ಕತ್ತರಿ ಹಾಕ್ತಿದ್ದರು.

ಇಲ್ಲಿ ನಮ್ಮ ಹುಡುಗರಿಗೂ ಇದರ ರುಚಿ ಗೊತ್ತು. ಹೊಳಲ್ಕೆರೆಯ ಹುಡುಗನೊಬ್ಬ ಊರಿನ ಬಯಲು ಗಣಪತಿಯ ಮುಂದೆ ಜಾತ್ರೆ ನಡೆಯುವಾಗ ವಿಡಿಯೋ ತೆಗೆದ. ಹಿಂದೆ ಎಲ್ಲೋ ಮೈಕಿನಲ್ಲಿ ಸಿನಿಮಾ ಹಾಡು ಕೇಳಿಸ್ತಿತ್ತು. ಹಾಕಿದ ಸ್ವಲ್ಪ ಹೊತ್ತಿಗೆ ವಿಡಿಯೋದ ಬಾಯಿ ಬಂದ್! "ಅಣ್ಣಾ, ಯಾರು ಕೇಸ್ ಹಾಕಿದ್ದು?" ಅಂತ ಅಂಗಡಿಗೆ ಓಡಿಬಂದ. ಯಾರೂ ಹಾಕಿರಲಿಲ್ಲ. ಯಂತ್ರವೇ ಕೇಳಿಸಿಕೊಂಡಿತು, ಯಂತ್ರವೇ ತೀರ್ಪು ಕೊಟ್ಟಿತು. ರೋಬೋಗಳು ನಮ್ಮನ್ನ ಆಳುವ ದಿನ ಬರುತ್ತೆ ಅಂತ ಸಿನಿಮಾದಲ್ಲಿ ಹೆದರಿಸ್ತಾರಲ್ಲ, ಬಂದಾಗಿದೆ ಮಾರಾಯ್ರೇ! ಕೈಯಲ್ಲಿ ಲೇಸರ್ ಬಂದೂಕು ಇಲ್ಲ, ಕಾಪಿರೈಟ್ ಚೀಟಿ ಇದೆ.

* ಪದ್ಮದ ಕೊಳದಲ್ಲಿ ಬಿದ್ದ ನೌಕೆ *

ಈಗ ನೋವಿನ ಕಥೆ. ಸತ್ಯಜಿತ್ ರೇ 1967ರಲ್ಲಿ 'ದಿ ಏಲಿಯನ್' ಅಂತ ಚಿತ್ರಕಥೆ ಬರೆದರು. ಬಂಗಾಳದ ಹಳ್ಳಿಯೊಂದರ ತಾವರೆ ಕೊಳಕ್ಕೆ ಅನ್ಯಗ್ರಹದ ನೌಕೆ ಬೀಳುತ್ತೆ. ಒಳಗಿಂದ ಬಂದ ಪುಟ್ಟ ಜೀವಿಗೂ ಹಳ್ಳಿಯ ಹುಡುಗನಿಗೂ ಗೆಳೆತನ. ಹಾಲಿವುಡ್ಡಿನ ಕೊಲಂಬಿಯಾ ಕಂಪನಿ ದುಡ್ಡು ಹಾಕೋದು ಅಂತಾಯಿತು. ಪೀಟರ್ ಸೆಲ್ಲರ್ಸ್ ನಟಿಸೋದು ಅಂತಾಯಿತು. ರೇ ಅಲ್ಲಿಗೆ ಹೋಗಿ ನೋಡಿದರೆ ಚಿತ್ರಕಥೆಯ ಪ್ರತಿಗಳು ಆಗಲೇ ಕೈಯಿಂದ ಕೈಗೆ ಓಡಾಡ್ತಿವೆ. ಕಾಪಿರೈಟ್ ಇದ್ದ ಜಾಗದಲ್ಲಿ ಮಧ್ಯಸ್ಥಿಕೆಗೆ ಬಂದ ಮೈಕ್ ವಿಲ್ಸನ್ ಹೆಸರೂ ಸೇರಿಕೊಂಡಿದೆ! ಚಿತ್ರ ಸೆಟ್ಟೇರಲೇ ಇಲ್ಲ.

1982ರಲ್ಲಿ ಸ್ಪಿಲ್‌ಬರ್ಗ್ ಅವರ 'ಇ.ಟಿ.' ಬಂತು. ಪುಟ್ಟ ಜೀವಿ, ಹುಡುಗ, ಗೆಳೆತನ. ತಮ್ಮ ಚಿತ್ರಕಥೆ ಅಮೆರಿಕದಲ್ಲಿ ಓಡಾಡದಿದ್ದರೆ ಇದು ಆಗ್ತಿರಲಿಲ್ಲ ಅಂತ ರೇ ಹೇಳಿದರು. ಸ್ಪಿಲ್‌ಬರ್ಗ್ ಅಲ್ಲಗಳೆದರು. ಯಾರು ಸರಿ ಅಂತ ತೀರ್ಪು ಕೊಡೋಕೆ ನಾನ್ಯಾರು? ಆದರೆ ರೇ ಅವರಂಥ ದಿಗ್ಗಜರ ಕಾಗದದಲ್ಲೇ ಇನ್ನೊಬ್ಬನ ಹೆಸರು ಸೇರಬಹುದಾದರೆ ನಮ್ಮ ನಿಮ್ಮ ನೋಟುಪುಸ್ತಕದ ಗತಿ?

ಪಕ್ಕದ ತಮಿಳುನಾಡಿಗೆ ಬನ್ನಿ. 2010ರ 'ಎಂದಿರನ್' ರೋಬೋ ಕಥೆಗೆ, 1996ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ತಮ್ಮ 'ಜುಗಿಬಾ' ಕಥೆಯೇ ಮೂಲ ಅಂತ ಲೇಖಕ ಆರೂರ್ ತಮಿಳ್‌ನಾಡನ್ ಕೋರ್ಟಿಗೆ ಹೋದರು. 2023ರಲ್ಲಿ ಮದ್ರಾಸ್ ಹೈಕೋರ್ಟು ಅವರ ದಾವೆ ವಜಾ ಮಾಡಿತು. ಚಿತ್ರ ಬಂದು 13 ವರ್ಷ! ಸಿನಿಮಾ ಮೂರು ಗಂಟೆಗೆ ಮುಗಿಯುತ್ತೆ, ಕೇಸು ಮಗ ಕಾಲೇಜಿಗೆ ಹೋಗುವ ತನಕ ಓಡುತ್ತೆ.

* ಸಹಿ ಹಾಕೋ ಮುಂಚೆ... *

ಅದೇ ಹೊಳಲ್ಕೆರೆ ಹುಡುಗ ಒಂದು ಕಥೆ ಬರೆದಿದ್ದಾನೆ. ಕೋಟೆಯ ಏಳು ಸುತ್ತು, ಒಂದೊಂದು ಸುತ್ತು ದಾಟಿದರೂ ನೂರು ವರ್ಷ ಹಿಂದಕ್ಕೆ! ನಾನು ಓದಿದೆ, ಮೈ ಝುಮ್ಮೆಂದಿತು. ಮೊನ್ನೆ ಯಾರೋ ಐದು ಸಾವಿರ ರೂಪಾಯಿ ಹಿಡಿದುಕೊಂಡು ಬಂದಿದ್ದರಂತೆ. ಸಕಲ ಹಕ್ಕು, ಶಾಶ್ವತವಾಗಿ, ಅಂತ ಒಂದು ಹಾಳೆ. "ಅಣ್ಣಾ, ಸೈನ್ ಹಾಕ್ಲಾ? ಗಾಡಿ ಕಂತು ಕಟ್ಬೇಕು" ಅಂದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಒಂದು, ಕಥೆ ಬಾಯಲ್ಲಿ ಹೇಳುತ್ತಾ ತಿರುಗಬೇಡಿ, ಬರೆದಿಡಿ. ಐಡಿಯಾಕ್ಕೆ ಬೇಲಿ ಇಲ್ಲ, ಬರಹಕ್ಕೆ ಉಂಟು. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಸಾಕ್ಷಿಗೆ ಒಳ್ಳೇದು.

ಎರಡು, ಹಕ್ಕು ಬರೆದುಕೊಡುವ ಪತ್ರದಲ್ಲಿ ಎಷ್ಟು ವರ್ಷಕ್ಕೆ, ಯಾವ ಊರಿಗೆ ಅಂತ ಇರಬೇಕು. ವರ್ಷ ಬರೆಯದೆ ಬಿಟ್ಟರೆ 5 ವರ್ಷ ಅಂತಲೇ ಲೆಕ್ಕ, ಜಾಗ ಬರೆಯದಿದ್ದರೆ ಭಾರತ ಮಾತ್ರ. ಅವರು 'ಶಾಶ್ವತ', 'ಬ್ರಹ್ಮಾಂಡ' ಅಂತ ಬರೆದಿದ್ದರೆ ಆ ಪದಕ್ಕೆ ಗೀಟು ಹಾಕಿ ಅಂತ ಕೇಳಿ.

ಮೂರು, ನನ್ನ ಸೈನ್ಸ್ ಹೃದಯಕ್ಕೆ ಪ್ರಿಯವಾದದ್ದು. 2012ರ ತಿದ್ದುಪಡಿಯ ಪ್ರಕಾರ, ಸಹಿ ಹಾಕಿದ ದಿನ ಹುಟ್ಟೇ ಇರದ ಮಾಧ್ಯಮಕ್ಕೆ ಆ ಸಹಿ ಅನ್ವಯಿಸೋದಿಲ್ಲ, ಪತ್ರದಲ್ಲಿ ಆ ಮಾಧ್ಯಮದ ಹೆಸರು ಹೇಳಿ ಬರೆದಿದ್ದರೆ ಮಾತ್ರ ಉಂಟು. ಅಂದರೆ ನಾಳೆ ಕನಸಿನೊಳಗೇ ಸಿನಿಮಾ ತೋರಿಸುವ ಯಂತ್ರ ಬಂದರೆ ನಿಮ್ಮ ಕಥೆಯ ಹಕ್ಕು ನಿಮ್ಮ ಹತ್ತಿರವೇ! ದೆಹಲಿಯಲ್ಲಿ ಕೂತ ಯಾರೋ ಒಬ್ಬ ಪುಣ್ಯಾತ್ಮನೂ ಸೈನ್ಸ್ ಫಿಕ್ಷನ್ ಓದಿದ್ದ ಅಂತ ಕಾಣುತ್ತೆ. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಇದೆ. ಥಿಯೇಟರ್ ಬಿಟ್ಟು ಬೇರೆ ಕಡೆ ಚಿತ್ರ ಓಡಿದಾಗ ಬರುವ ರಾಯಲ್ಟಿಯಲ್ಲಿ ಬರೆದವರಿಗೂ ಸಮಪಾಲು. ಅದನ್ನ ಬಿಟ್ಟುಕೊಡ್ತೀನಿ ಅಂತ ನೀವೇ ಬರೆದುಕೊಟ್ಟರೂ ಅದು ನಡೆಯೋಲ್ಲ.

ದೊಡ್ಡ ಕಂಪನಿಗಳೆಲ್ಲ ರಾಕ್ಷಸರು ಅಂತ ನಾನು ಹೇಳೋದಿಲ್ಲ. 'ಅವತಾರ್' ಎರಡನೇ ಭಾಗ 2022ರ ಡಿಸೆಂಬರಿನಲ್ಲಿ ಕನ್ನಡ ಮಾತಾಡಿಕೊಂಡು ಬಂತು. ದುಡ್ಡಿದ್ದ ಕಂಪನಿಯೇ ತಂದದ್ದು. ಆದರೆ ಕಂಪನಿ ಇಲ್ಲದೆಯೂ ಆಗುತ್ತೆ ಅಂತ ತೋರಿಸಿದವರು ನಮ್ಮಲ್ಲೇ ಇದ್ದಾರೆ. ಪವನ್ ಕುಮಾರ್ 2013ರಲ್ಲಿ 'ಲೂಸಿಯಾ' ಮಾಡಿದರು. ಸುಮಾರು 110 ಪ್ರೇಕ್ಷಕರೇ ಸೇರಿ ಹತ್ತಿರ ಹತ್ತಿರ 50 ಲಕ್ಷ ಒಟ್ಟು ಹಾಕಿದ ಚಿತ್ರ. ಥಿಯೇಟರಿನಲ್ಲಿ ಟಾರ್ಚ್ ಬಿಡುವ ಹುಡುಗ ಒಂದು ಮಾತ್ರೆ ನುಂಗಿ ಕನಸಿನಲ್ಲಿ ಹೀರೋ ಆಗುವ ಕಥೆ. ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಗೆದ್ದಿತು. 2024ರಲ್ಲಿ ಕಾಲದೊಳಗೆ ಓಡಾಡುವ 'ಬ್ಲಿಂಕ್' ಬಂತು, ಉಪ್ಪಿಯವರ 'ಯು.ಐ.' ಬಂತು. ಕನ್ನಡದಲ್ಲಿ ಸೈನ್ಸ್ ಕಥೆ ಓಡಲ್ಲ ಅಂತ ಕೈ ಆಡಿಸ್ತಿದ್ದವರ ಕೈ ಈಗ ಸೋತಿದೆ.

ಹುಡುಗ ಸಹಿ ಹಾಕಿಲ್ಲ. ಗಾಡಿ ಕಂತಿಗೆ ಬೇರೆ ಏನೋ ದಾರಿ ನೋಡಿಕೊಂಡಿದ್ದಾನೆ. ಆ ಏಳು ಸುತ್ತಿನ ಕಥೆ ಸಿನಿಮಾ ಆಗುತ್ತೋ ಇಲ್ಲವೋ, ಗೊತ್ತಿಲ್ಲ. ಆದರೆ ಆದ ದಿನ ಪರದೆ ಮೇಲೆ ಕಥೆ ಅಂತ ಬರುವ ಕಡೆ ಅವನ ಹೆಸರೇ ಇರಬೇಕು. ಅದೊಂದೇ ಆಸೆ. ಬ್ರಹ್ಮಾಂಡ ಅವರೇ ಇಟ್ಟುಕೊಳ್ಳಲಿ ಬಿಡಿ. ನಮಗೆ ನಮ್ಮ ದುರ್ಗ ಸಾಕು.

ಕಂಡಕ್ಟರು ಸೀಟಿ ಊದಿದ ಹಾಗಿದೆ. ಹತ್ತಿ, ಹತ್ತಿ! ಬ್ಯಾಗು ಜೋಪಾನ. ಒಳಗಿರುವ ನೋಟುಪುಸ್ತಕ ಇನ್ನೂ ಜೋಪಾನ!